ನೂರರ ಮೇಲಿನ ಲೆಕ್ಕ

ಕುಂದಗೋಳ ತಾಲ್ಲೂಕಿನ ಯರಗುಪ್ಪಿಯಂಥ ಊರಿನಲ್ಲಿ ಹಣ್ಣುಹಣ್ಣಾದ ಆಯಿಗೆ ವಯಸ್ಸೆಷ್ಟು ಎಂದು ಕೇಳಿ ನೋಡಬೇಕು. ‘ಪ್ಲೇಗ್ ಬಂದು ಊರಿಗೆ ಊರೇ ಹೊಲಕ್ಕೆ ಹೋಗಿತ್ತಲ್ಲ, ಆವಾಗ ನಾ ಕೈಗೂಸು’ ಎಂದುಬಿಡುತ್ತಾಳೆ. ಅದು ಯಾವ ಪ್ಲೇಗು ಎಂದು ಲೆಕ್ಕ ಹಾಕುವುದು ಕೇಳಿದವನ ಕರ್ಮ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದಿನವರಿಗೆ ಸಾಲಿ ಮಾಸ್ತರರೇ ಬ್ರಹ್ಮ. ಅವರು ಜೂನ್ 1 ಎಂದು ಬರೆದರೆ ಅದೇ ಹಣೆಬರಹ. ಸಾಲಿ ಮೆಟ್ಟಿಲನ್ನೇ ತುಳಿಯದ ಎಷ್ಟೋ ಆಯಂದಿರಿಗೆ ಆಧಾರ್ ಕಾರ್ಡು ಜನವರಿ 1 ದಯಪಾಲಿಸಿದೆ.

ಈ ಲೆಕ್ಕದಲ್ಲಿ ದುಡ್ಡೂ ಇದೆ. ಕೇಂದ್ರ ಸರ್ಕಾರದ ನಿವೃತ್ತ ನೌಕರರಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ 20 ಹೆಚ್ಚುವರಿ, 95ಕ್ಕೆ ಶೇ 50. ನೂರು ಮುಟ್ಟಿದರೆ ಸೀದಾ ಶೇ 100! ಅಂದಮೇಲೆ 99ರಲ್ಲಿ ಕಣ್ಣು ಮುಚ್ಚುವುದು ಶುದ್ಧ ಲುಕ್ಸಾನಿನ ವ್ಯವಹಾರ. ಆದರೆ ಈ ಭಾಗ್ಯ ನೌಕರಿ ಮಾಡಿದವರಿಗೆ ಮಾತ್ರ. ಎರಿ ಹೊಲದಲ್ಲಿ ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ಮುದುಕಿಯಾದವಳ ಸಂಧ್ಯಾ ಸುರಕ್ಷಾ ಪಿಂಚಣಿ ವಯಸ್ಸಿನ ಜೊತೆ ಬೆಳೆಯುವುದಿಲ್ಲ. ಮೇಲಾಗಿ ದುಡಿದು ದುಡಿದು ಬೆರಳಿನ ಗೆರೆ ಸವೆದಿರುವುದರಿಂದ ಹೆಬ್ಬೆಟ್ಟಿನ ಯಂತ್ರಕ್ಕೆ ಆಕೆಯ ಗುರುತೇ ಹತ್ತುವುದಿಲ್ಲ.

ಮುದುಕಿಯರ ಆಯುಷ್ಯದ ಮೇಲೆ ಬಾಜಿ ಕಟ್ಟಿ ಕೆಟ್ಟವರೂ ಇದ್ದಾರೆ. ಫ್ರಾನ್ಸಿನ ಝಾನ್ ಕಾಲ್ಮಾ 90 ವರ್ಷದವರಿದ್ದಾಗ, 1965ರಲ್ಲಿ, 47ರ ವಕೀಲರೊಬ್ಬರು ಅವರ ಮನೆಗೆ ಕಣ್ಣು ಹಾಕಿದರು. ಆಕೆ ಇರುವತನಕ ತಿಂಗಳಿಗೆ 2500 ಫ್ರಾಂಕ್ ಕೊಡುವುದು, ಹೋದಮೇಲೆ ಮನೆ ತಮ್ಮದು. ಎಂಥ ಲಾಭದ ಕರಾರು! ಮೂವತ್ತು ವರ್ಷ ಕಂತು ಕಟ್ಟಿ, 1995ರಲ್ಲಿ ವಕೀಲರೇ ತೀರಿಕೊಂಡರು. ಕಂತು ಅವರ ಹೆಂಡತಿಯ ಕೊರಳಿಗೆ ಬಿತ್ತು. ಅಜ್ಜಿ ಹೋದದ್ದು 1997ರಲ್ಲಿ, 122 ವರ್ಷ 164 ದಿನ ಬದುಕಿ. ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ.

ನಮ್ಮ ಸಾಲುಮರದ ತಿಮ್ಮಕ್ಕನವರ ಬಳಿ ಬರೆಸಿಕೊಳ್ಳುವಂಥ ಮನೆ ಇರಲಿಲ್ಲ. ದಾಖಲೆಯ ಪ್ರಕಾರ ಹುಟ್ಟಿದ್ದು 1911ರಲ್ಲಿ. ಕಲ್ಲು ಕ್ವಾರಿಯಲ್ಲಿ ಕೂಲಿ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಗೆ ಗಂಡ ಚಿಕ್ಕಯ್ಯನವರ ಜೊತೆ ಆಲದ ಸಸಿ ನೆಟ್ಟರು. ಮೊದಲ ವರ್ಷ ಹತ್ತು, ಮರುವರ್ಷ ಹದಿನೈದು. ನೆಡುವುದೇನು, ಜೂನ್ 5ರಂದು ಫೋಟೊ ತೆಗೆಸಿಕೊಳ್ಳುವವರೂ ನೆಡುತ್ತಾರೆ. ಇವರು ಬಿಂದಿಗೆಯಲ್ಲಿ ನೀರು ಹೊತ್ತರು. ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿದರು. 385 ಮರಗಳಾದವು.

ನೂರು ದಾಟಿದ ಮೇಲೆ ಜನ ಕೈ ಹಿಡಿದು ಮೂಲೆಯಲ್ಲಿ ಕೂರಿಸುತ್ತಾರೆ. ತಿಮ್ಮಕ್ಕನವರಿಗೆ ಕೆಲಸ ಶುರುವಾದದ್ದೇ ಆಗ. 2019ರಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ದೆಹಲಿಗೆ ಹೋದವರು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಹಣೆ ಮುಟ್ಟಿ ಹರಸಿಬಿಟ್ಟರು. ಶಿಷ್ಟಾಚಾರದ ಪುಸ್ತಕ ಬರೆದವರಿಗೆ ಅಜ್ಜಿಯಂದಿರು ನೆನಪಾಗಿರಲಿಲ್ಲವೆಂದು ಕಾಣುತ್ತದೆ. ಅದೇ ವರ್ಷ ರಸ್ತೆ ಅಗಲೀಕರಣಕ್ಕೆ ಅವರದೇ ಮರಗಳು ಅಡ್ಡ ಬಂದವು. ಅಜ್ಜಿ ಮುಖ್ಯಮಂತ್ರಿಯವರೆಗೂ ದೂರು ಒಯ್ದರು; ಬೇರೆ ದಾರಿ ನೋಡುವುದಾಗಿ ಸರ್ಕಾರ ಒಪ್ಪಿಕೊಂಡಿತು.

2025ರ ನವೆಂಬರ್ 14ರಂದು ಅವರು ತೀರಿಕೊಂಡಾಗ 114. ಅದಕ್ಕೆ ಮೂರು ವರ್ಷ ಮೊದಲು ರಾಜ್ಯ ಸರ್ಕಾರ ಅವರನ್ನು ಪರಿಸರ ರಾಯಭಾರಿಯನ್ನಾಗಿ ಮಾಡಿ ಸಂಪುಟ ದರ್ಜೆ ಕೊಟ್ಟಿತ್ತು. ವಯಸ್ಸಾಯಿತೆಂದು ಟಿಕೆಟ್ ತಪ್ಪಿಸಿಕೊಂಡ ಎಪ್ಪತ್ತೈದರ ರಾಜಕಾರಣಿಗಳು ಅಂದಿನ ಪತ್ರಿಕೆಯನ್ನು ಎರಡೆರಡು ಸಲ ಓದಿರಬೇಕು.