ಕೊಳವೆ ಸ್ಯಾದ್ವಾದ: ಒಂದು ಕಿರುಭಾಷ್ಯ

ಯಾವ ವಸ್ತುವಿನ ಬಗ್ಗೆಯೂ ಏಳು ಬಗೆಯಾಗಿ, ಅಂದರೆ ಏಳು ‘ಭಂಗ’ಗಳಲ್ಲಿ, ಹೇಳಬಹುದೆಂದು ಜೈನ ತಾರ್ಕಿಕರು ತಮ್ಮ ಸ್ಯಾದ್ವಾದದಲ್ಲಿ ಎಂದೋ ತೋರಿಸಿಕೊಟ್ಟರು. ಅದನ್ನು ಕಚ್ಚಾತೈಲದ ಮೇಲೆ ಪ್ರಯೋಗಿಸಿ ನೋಡಿದ ಶ್ರೇಯಸ್ಸು ಮಾತ್ರ ಅಮೆರಿಕದ ಡೆಮಾಕ್ರಟಿಕ್ ಪಕ್ಷಕ್ಕೆ ಸಲ್ಲತಕ್ಕದ್ದು.

ಮೊದಲು ಪ್ರಮೇಯ. ಕೆನಡಾದ ಹಾರ್ಡಿಸ್ಟಿಯಿಂದ ನೆಬ್ರಾಸ್ಕಾದ ಸ್ಟೀಲ್ ಸಿಟಿವರೆಗೆ ಸುಮಾರು 1,900 ಕಿ.ಮೀ. ಕೊಳವೆ, ಹೆಸರು ಕೀಸ್ಟೋನ್ ಎಕ್ಸ್‌ಎಲ್, ಹರಿಯಬೇಕಾದದ್ದು ದಿನಕ್ಕೆ 8.3 ಲಕ್ಷ ಬ್ಯಾರೆಲ್. ಗಡಿ ದಾಟುವುದರಿಂದ ವಿದೇಶಾಂಗ ಇಲಾಖೆಯ ಪರಿಶೀಲನೆ ಅಗತ್ಯವಿತ್ತು. ಟ್ರಾನ್ಸ್‌ಕೆನಡಾ ಕಂಪನಿ 2008ರಲ್ಲಿ ಅರ್ಜಿ ಹಾಕಿತು. ಕಟ್ಟಡ ಕಾರ್ಮಿಕ ಸಂಘಗಳಿಗೆ ಕೊಳವೆ ಬೇಕು, ಪರಿಸರವಾದಿಗಳಿಗೆ ಬೇಡ. ಇಬ್ಬರ ಮತವೂ ಪಕ್ಷಕ್ಕೆ ಬೇಕು. ದರ್ಶನಗಳು ಹುಟ್ಟುವುದೇ ಇಂಥ ಸಂಕಟದಲ್ಲಿ.

ಪ್ರಥಮ ಭಂಗ, ಸ್ಯಾದಸ್ತಿ, ಅಂದರೆ ‘ಒಂದು ದೃಷ್ಟಿಯಲ್ಲಿ ಉಂಟು’: 2010ರ ಅಕ್ಟೋಬರಿನಲ್ಲಿ ವಿದೇಶಾಂಗ ಸಚಿವೆ ಹಿಲರಿ ಕ್ಲಿಂಟನ್, ಪರಿಶೀಲನೆ ಮುಗಿದಿಲ್ಲವಾದರೂ ಒಪ್ಪುವತ್ತಲೇ ಒಲವಿದೆ ಎಂದರು. ಅಸ್ತಿ-ನಾಸ್ತಿಯ ಕೀರ್ತಿ ಅಧ್ಯಕ್ಷ ಒಬಾಮರದು. 2012ರ ಜನವರಿಯಲ್ಲಿ ಅರ್ಜಿ ತಿರಸ್ಕರಿಸಿ, ಮಾರ್ಚಿನಲ್ಲಿ ಓಕ್ಲಹೋಮಾದ ಕಶಿಂಗ್‌ನಲ್ಲಿ ಅದೇ ಯೋಜನೆಯ, ಗಡಿ ದಾಟದ ದಕ್ಷಿಣದ ತುಂಡನ್ನು ಬೇಗ ಮುಗಿಸಿರೆಂದರು. ಬಾಲ ಉಂಟು, ತಲೆ ಇಲ್ಲ. ‘ಅದು ಚುನಾವಣೆಯ ವರ್ಷವಲ್ಲವೆ?’ ಎಂಬ ಪೂರ್ವಪಕ್ಷ ಚಾರ್ವಾಕರದು, ಉಪೇಕ್ಷಣೀಯ.

ಶಾಸ್ತ್ರದ ಶಿಖರ 2015ರ ಜುಲೈ. ಆಗ ಕ್ಲಿಂಟನ್ ಅಧ್ಯಕ್ಷ ಪದವಿಯ ಅಭ್ಯರ್ಥಿ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮತದಾರನೊಬ್ಬ ಹೌದೋ ಅಲ್ಲವೋ ಹೇಳಿ ಎಂದ. ನಾನು ಅಧ್ಯಕ್ಷೆಯಾಗುವ ಹೊತ್ತಿಗೂ ತೀರ್ಮಾನವಾಗದಿದ್ದರೆ ಆಗ ಉತ್ತರಿಸುವೆ ಎಂದರು. ಇದೇ ಅವಕ್ತವ್ಯ, ಹೇಳಲಾಗದ್ದು. ಪ್ರಾಚೀನರ ಅವಕ್ತವ್ಯಕ್ಕೆ ಭಾಷೆಯ ಮಿತಿ ಕಾರಣ. ಇದಕ್ಕೆ ಪಂಚಾಂಗದ ಮಿತಿ. ಈ ಸೂಕ್ಷ್ಮ ತಿಳಿಯದವರು ಇದನ್ನು ಜಾರಿಕೆಯ ಉತ್ತರ ಎಂದು ಕರೆದರು.

ಎರಡೇ ತಿಂಗಳಲ್ಲಿ, ಸೆಪ್ಟೆಂಬರ್ 22ರಂದು, ಅಯೋವಾದಲ್ಲಿ ಕ್ಲಿಂಟನ್‌ರ ಸ್ಯಾನ್ನಾಸ್ತಿ ಪ್ರಕಟವಾಯಿತು: ಕೊಳವೆಗೆ ತಮ್ಮ ವಿರೋಧವಿದೆ! ಅಭ್ಯರ್ಥಿಯ ಆಯ್ಕೆ ಆಗ ಮೊದಲು ಶುರುವಾಗುತ್ತಿದ್ದುದು ಅಯೋವಾದಲ್ಲೇ ಎಂಬುದು ಟೀಕಾಕಾರರ ಕ್ಷುದ್ರ ಟಿಪ್ಪಣಿ. ನವೆಂಬರ್ 6ರಂದು ಒಬಾಮರೂ ತಲೆಯಾಡಿಸಿದರು, ಅಡ್ಡಡ್ಡ.

ಮುಂದೆ 2017ರಲ್ಲಿ ಟ್ರಂಪ್ ಅಸ್ತಿ ಎಂದದ್ದು, 2021ರಲ್ಲಿ ಅಧಿಕಾರದ ಮೊದಲ ದಿನವೇ ಬೈಡನ್ ನಾಸ್ತಿ ಎಂದದ್ದು ಶಾಸ್ತ್ರದ ದೃಷ್ಟಿಯಿಂದ ನಿಕೃಷ್ಟ. ಇಬ್ಬರೂ ಒಂದೇ ಮಗ್ಗುಲು ಕಾಣುವ ಏಕಾಂತವಾದಿಗಳು. ಆ ಜೂನ್‌ನಲ್ಲಿ ಕಂಪನಿಯೂ ಯೋಜನೆ ಕೈಬಿಟ್ಟಿತು. ಅಷ್ಟರಲ್ಲಿ, 2020ರಲ್ಲಿ, ಸರಿಯಾಗಿ ಗಡಿಯ ಗೆರೆ ದಾಟುವ ಸುಮಾರು ಎರಡು ಕಿ.ಮೀ. ತುಂಡನ್ನು ಹೂತಾಗಿತ್ತು. ಕೊಳವೆ ಉಂಟು, ಎಣ್ಣೆ ಇಲ್ಲ, ಎಲ್ಲಿಂದ ಎಲ್ಲಿಗೆಂದು ಹೇಳಲಾಗದು: ಏಳನೆಯ ಭಂಗಕ್ಕೆ ಇಷ್ಟು ಶುದ್ಧ ಉದಾಹರಣೆ ಆಚಾರ್ಯರಿಗೂ ಸಿಕ್ಕಿರಲಿಲ್ಲ.