ತಗಡಿನ ಮರೆಗೂ ಒಂದು ಗಡುವಿರಲಿ

ಮೈಸೂರು ಮಹಾನಗರ ಪಾಲಿಕೆಯ ಆಯುಕ್ತರಿಗೆ, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಅಧಿಕಾರಿಗಳಿಗೆ, ಹಾಗೂ ಊರಿನ ಹಳೆಯ ಕೇರಿಗಳಲ್ಲಿ ಬೀಗ ಜಡಿದು ಬಿಟ್ಟಿರುವ ಮನೆಗಳ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೆ,

2012ರ ಆಗಸ್ಟ್ ತಿಂಗಳಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ, ದುರಸ್ತಿ ಶುರುವಾಗಿದ್ದ ಹೊತ್ತಿನಲ್ಲೇ, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆಯ ಕಡೆಯ ಭಾಗ ನೆಲಕ್ಕೆ ಬಿತ್ತು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಸರದಿ ಬಂತು. ಅಲ್ಲಿ ಜೀವಹಾನಿ ಆಗಲಿಲ್ಲ ಎಂಬುದಷ್ಟೇ ಸಮಾಧಾನ. ಮೂರೂ ಮಳೆಯ ತಿಂಗಳ ಕುಸಿತಗಳು. ಮೂರೂ ಸಾರ್ವಜನಿಕ ಕಟ್ಟಡಗಳು. ಒಂದೊಂದರ ಒಳಗೂ ದಿನವೂ ನೂರಾರು ಜನ ಓಡಾಡುತ್ತಿದ್ದರು.

ಇಂಥ ಕುಸಿತದ ಮರುದಿನ ನಮ್ಮ ಊರುಗಳಲ್ಲಿ ಏನು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮೊದಲು ಪೊಲೀಸರ ಬ್ಯಾರಿಕೇಡ್ ಬರುತ್ತದೆ. ಆಮೇಲೆ ಸರ್ವೆ ಗಳ, ಅದಕ್ಕೆ ಬಿಗಿದ ತಗಡಿನ ಶೀಟು, ಅದರ ಮೇಲೆ "ಶಿಥಿಲ ಕಟ್ಟಡ, ಪ್ರವೇಶ ನಿಷೇಧಿಸಿದೆ" ಎಂಬ ಕೆಂಪಕ್ಷರ. ಆಮೇಲೆ ತಜ್ಞರ ಸಮಿತಿ. ಒಬ್ಬರು ಕೆಡವಿ ಹೊಸದಾಗಿ ಕಟ್ಟಿ ಎನ್ನುತ್ತಾರೆ, ಮತ್ತೊಬ್ಬರು ಉಳಿಸಿಕೊಳ್ಳಬಹುದು ಎನ್ನುತ್ತಾರೆ. ವಿಷಯ ಕೋರ್ಟಿನ ಮೆಟ್ಟಿಲೇರುತ್ತದೆ. ತಗಡು ಮಾತ್ರ ನಿಂತ ಜಾಗದಲ್ಲೇ ತುಕ್ಕು ಹಿಡಿಯುತ್ತಾ ವರ್ಷಗಟ್ಟಲೆ ನಿಂತಿರುತ್ತದೆ.

ತಗಡು ನಿಲ್ಲಿಸಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಕುಸಿದ ಗೋಡೆಯಿಂದ ಜನರನ್ನು ದೂರ ಇಡುವುದು ಮೊದಲ ಕರ್ತವ್ಯ. ಅದನ್ನು ಮಾಡಿದವರಿಗೆ ಊರು ಋಣಿ. ನನ್ನ ಮಾತು ಮರುದಿನದ ಕುರಿತು. ತಾತ್ಕಾಲಿಕವಾಗಿ ಮುಚ್ಚುವುದು ಮೂಳೆ ಮುರಿದ ಕೈಗೆ ಪಟ್ಟಿ ಕಟ್ಟಿದಷ್ಟೇ: ಪಟ್ಟಿಯ ಒಳಗೆ ಮೂಳೆ ಸರಿಯಾಗಿ ಕೂತಿರಬೇಕು, ಅದನ್ನು ಬಿಚ್ಚುವ ದಿನವೂ ಮೊದಲೇ ಗೊತ್ತಿರಬೇಕು. ನಾವು ಕಟ್ಟುತ್ತಿರುವ ಪಟ್ಟಿಗೆ ಎರಡೂ ಇಲ್ಲ.

ನಮ್ಮ ಹಳೆಯ ಕಟ್ಟಡಗಳು ಹೇಗೆ ನಿಂತಿವೆ, ಹೇಗೆ ಬೀಳುತ್ತವೆ ಎಂಬುದನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ವೈಸ್‌ರಾಯ್ ಲ್ಯಾನ್ಸ್‌ಡೌನ್ 1892ರಲ್ಲಿ ಮೈಸೂರಿಗೆ ಬಂದುಹೋದ ನೆನಪಿನ ಆ ಕಟ್ಟಡದ ಕಾಲದಲ್ಲಿ ಇಲ್ಲಿ ಸಿಮೆಂಟ್ ಬಳಕೆ ರೂಢಿಯಲ್ಲಿರಲಿಲ್ಲ. ಇಟ್ಟಿಗೆ, ಸುಣ್ಣದ ಗಾರೆ, ತೇಗದ ತೊಲೆ. ಮೇಲೆ ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ಸಾಲಾಗಿ ತೊಲೆ ಹಾಸಿ, ಅದರ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ಜೋಡಿಸಿ, ಸುಣ್ಣದ ಗಾರೆಯಲ್ಲಿ ಕಚ್ಚಿಸಿ, ಮೇಲೆ ಜಲ್ಲಿ-ಸುಣ್ಣವನ್ನು ದಿಮ್ಮಸಿನಿಂದ ಬಡಿದು ಗಟ್ಟಿಮಾಡಿದ ತಾರಸಿ ಅದು. ನೀರು ತಾಗದಂತೆ ನೋಡಿಕೊಂಡರೆ ನೂರು ವರ್ಷ ಅಲುಗುವುದಿಲ್ಲ. ನೀರು ನಿಂತರೆ ಅದರ ಆಯುಷ್ಯ ಎಣಿಕೆಗೆ ಬರುತ್ತದೆ.

ಕೊಳೆತ ಶುರುವಾಗುವುದು ತೊಲೆಯ ನಡುವಿನಲ್ಲಲ್ಲ, ತುದಿಯಲ್ಲಿ. ಗೋಡೆಯೊಳಗೆ ಹುದುಗಿದ ಆ ಒಂದು ಮೊಳದಷ್ಟು ಮರ ಯಾರ ಕಣ್ಣಿಗೂ ಬೀಳುವುದಿಲ್ಲ. ತಾರಸಿಯ ನೀರಿನ ಬಾಯಿಗೆ ಎಲೆ ಕಟ್ಟಿಕೊಳ್ಳುತ್ತದೆ, ನೀರು ಗೋಡೆಗೆ ಇಳಿಯುತ್ತದೆ, ಸುಣ್ಣ ಸಡಿಲವಾಗುತ್ತದೆ, ಬಿರುಕಿನಲ್ಲಿ ಅರಳಿ ಸಸಿ ಬೇರೂರುತ್ತದೆ, ಒದ್ದೆ ಮರಕ್ಕೆ ಗೆದ್ದಲು ಹತ್ತುತ್ತದೆ. ಒಂದು ಮಳೆಗಾಲದಲ್ಲಿ ತೊಲೆಯ ತುದಿ ಗೋಡೆಯಿಂದ ಜಾರಿ ತಾರಸಿ ಒಟ್ಟಿಗೇ ಇಳಿಯುತ್ತದೆ. ನೋಡಿದವರು "ಇದ್ದಕ್ಕಿದ್ದಂತೆ ಬಿತ್ತು" ಎನ್ನುತ್ತಾರೆ. ಯಾವ ಕಟ್ಟಡವೂ ಇದ್ದಕ್ಕಿದ್ದಂತೆ ಬೀಳುವುದಿಲ್ಲ. ಅದು ಬೀಳಲು ವರ್ಷಗಳನ್ನು ತೆಗೆದುಕೊಂಡಿರುತ್ತದೆ.

ಈಗ ತಗಡಿನ ಶೀಟು ನಿಂತಿರುವ ಜಾಗ ನೋಡಿ. ಅದು ರಸ್ತೆಗೆ ಮುಖ ಮಾಡಿದೆ. ಮಳೆ ರಸ್ತೆಯಿಂದ ಬರುವುದಿಲ್ಲ, ಮೇಲಿನಿಂದ ಬರುತ್ತದೆ. ಮೈಸೂರಿಗೆ ಮೇ ತಿಂಗಳಲ್ಲಿ ಗುಡುಗಿನ ಮಳೆ, ಮತ್ತೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಜಡಿಮಳೆ. ಜನ ಇದ್ದಾಗ ಯಾರೋ ಒಬ್ಬರು ತಾರಸಿಗೆ ಹತ್ತಿ ಕಸ ಗುಡಿಸುತ್ತಿದ್ದರು, ಸೋರಿದ ಕಡೆ ಗಾರೆ ಮೆತ್ತುತ್ತಿದ್ದರು. ಬೀಗ ಬಿದ್ದ ಮೇಲೆ ಆ ಕೈ ಇಲ್ಲ. ಕಿಟಕಿ-ಬಾಗಿಲು ಮುಚ್ಚಿದ ಮೇಲೆ ಗಾಳಿಯೂ ಇಲ್ಲ. ಹಾಗಾಗಿ ಸುರಕ್ಷತೆಗೆಂದು ಮುಚ್ಚಿದ ಕಟ್ಟಡ ಮುಚ್ಚುವ ಮೊದಲಿಗಿಂತ ಬೇಗ ಕೊಳೆಯುತ್ತದೆ. ಕೊನೆಗೆ ಅದೇ ಕೊಳೆತವನ್ನು ತೋರಿಸಿ "ಇನ್ನು ಉಳಿಸಲು ಸಾಧ್ಯವಿಲ್ಲ" ಎಂಬ ವರದಿ ಬರುತ್ತದೆ. ಕೆಡವಬೇಕೋ ಉಳಿಸಬೇಕೋ ಎಂಬ ತೀರ್ಮಾನವನ್ನು ಆಗ ತೆಗೆದುಕೊಂಡದ್ದು ನಮ್ಮ ಅಲಕ್ಷ್ಯ. ಸಮಿತಿಯ ಸಹಿ ಆಮೇಲಿನದು.

ಹಾಗಾದರೆ ಸರಿಯಾಗಿ ಮುಚ್ಚುವುದು ಹೇಗೆ? ಇದು ಗೂಢವಿದ್ಯೆಯಲ್ಲ. ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್ 1993ರಲ್ಲೇ ಹಳೆಯ ಖಾಲಿ ಕಟ್ಟಡಗಳನ್ನು ಮುಂದಿನ ಬಳಕೆಯವರೆಗೆ ಕಾಪಿಡುವುದು ಹೇಗೆ ಎಂದು ಕಿರುಕೈಪಿಡಿ ಹೊರತಂದಿತು. ಕಟ್ಟಡದ ಸ್ಥಿತಿಯನ್ನು ದಾಖಲಿಸುವುದು, ಆಸರೆ ಕೊಟ್ಟು ನಿಲ್ಲಿಸುವುದು, ನೀರು ತಡೆಯುವುದು, ಗಾಳಿ ಆಡಿಸುವುದು, ಆಗಾಗ ಬಂದು ನೋಡುವುದು ಎಲ್ಲವೂ ಅದರಲ್ಲಿವೆ. ನಮ್ಮ ಹಳೆಯ ಗಾರೆ ಮೇಸ್ತ್ರಿಗಳಿಗೂ ಇದರಲ್ಲಿ ಹೊಸದೇನೂ ಕಾಣಲಾರದು.

ಮೊದಲು ಆಸರೆ. ಬಿರುಕು ಬಿಟ್ಟ ಕಮಾನಿನ ಕೆಳಗೆ ಮರದ ಸೆಂಟ್ರಿಂಗ್ ಕೊಡಬೇಕು. ಬಾಗಿದ ಗೋಡೆಗೆ ಹೊರಗಿನಿಂದ ಓರೆ ಊರುಗೋಲು, ತೊಲೆಯ ಕೆಳಗೆ ಕಬ್ಬಿಣದ ಜಾಕ್. ಇದಿಲ್ಲದೆ ಎದುರಿಗೆ ತಗಡು ನಿಲ್ಲಿಸಿದರೆ ಬೀಳುವುದು ಕಾಣದಂತೆ ಮಾಡಿದ ಹಾಗಾಯಿತು, ಬೀಳದಂತೆ ಮಾಡಿದ ಹಾಗಲ್ಲ. ಎರಡನೆಯದು ಮೇಲ್ಛಾವಣಿ: ತಾರಸಿಯ ಗಿಡಗಂಟಿ ತೆಗೆದು, ನೀರಿನ ಬಾಯಿ ಬಿಡಿಸಿ, ಇಳಿಜಾರು ಸಿಗುವಂತೆ ಹೊದಿಕೆ ಹಾಕಬೇಕು. ಮೂರನೆಯದಾಗಿ, ವಿದ್ಯುತ್ ಮತ್ತು ನೀರಿನ ಸಂಪರ್ಕ ಕಡಿಯಬೇಕು. ಕಿಟಕಿ-ಬಾಗಿಲ ಮಾತು ಬರುವುದು ಇವೆಲ್ಲ ಆದ ಮೇಲೆ. ಅಲ್ಲಿಯೂ ಹಳೆಯ ತೇಗದ ಚೌಕಟ್ಟಿಗೆ ಮೊಳೆ ಹೊಡೆಯಬಾರದು. ಹೊರಗೆ ದಪ್ಪ ಪ್ಲೈವುಡ್, ಒಳಗೆ ಅಡ್ಡಪಟ್ಟಿ, ಎರಡನ್ನೂ ಉದ್ದನೆಯ ಬೋಲ್ಟಿನಿಂದ ಬಿಗಿದರೆ ಚೌಕಟ್ಟಿಗೂ ಗಾಯವಾಗುವುದಿಲ್ಲ, ಹೊರಗಿನಿಂದ ಕಿತ್ತು ತೆಗೆಯಲೂ ಆಗುವುದಿಲ್ಲ. ಹಲಗೆಯ ಮೇಲೂ ಕೆಳಗೂ ಜಾಲರಿ ಹಾಕಿದ ಗಾಳಿಕಿಂಡಿ ಇರಲೇಬೇಕು. ಗಾಳಿ ಆಡದ ಕೋಣೆಯಲ್ಲಿ ಪಸೆ ಒಣಗುವುದಿಲ್ಲ, ಪಸೆ ಒಣಗದ ಕಡೆ ಗೆದ್ದಲು ಬಿಡುವುದಿಲ್ಲ. ಬಿದ್ದ ಕಲ್ಲು, ಕಂಬ, ಕೆತ್ತನೆಯ ಮರಕ್ಕೆಲ್ಲ ಸಂಖ್ಯೆ ಬರೆದು ಒಣ ಜಾಗದಲ್ಲಿ ಇಡಬೇಕು. ಅವಶೇಷವೆಂದು ಲಾರಿಗೆ ತುಂಬಿದರೆ ಮುಂದೆ ಕಟ್ಟುವವರಿಗೆ ಮಾದರಿಯೇ ಉಳಿಯುವುದಿಲ್ಲ.

ಆಯುಕ್ತರೆ, ಇಷ್ಟನ್ನು ಮಾಡಲು ಹೊಸ ಕಾನೂನು ಬೇಕಾಗಿಲ್ಲ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ ಅಪಾಯಕಾರಿ ಕಟ್ಟಡಗಳ ವಿಷಯದಲ್ಲಿ ನಿಮಗೆ ಅಧಿಕಾರ ಕೊಟ್ಟಿದೆ. ಬೇಲಿ ಹಾಕಿ, ಕೆಡವಿ, ಭದ್ರಪಡಿಸಿ ಅಥವಾ ದುರಸ್ತಿ ಮಾಡಿ ಎಂದು ಮಾಲೀಕರಿಗೆ ನೀವು ನೋಟಿಸ್ ಕೊಡಬಹುದು. ತುರ್ತಾದರೆ ನೋಟಿಸಿಗೂ ಕಾಯದೆ ನೀವೇ ಕ್ರಮ ಕೈಗೊಂಡು ಖರ್ಚನ್ನು ಮಾಲೀಕರಿಂದ ವಸೂಲು ಮಾಡಬಹುದು. ಇದರಲ್ಲಿ ಬೇಲಿ ಮತ್ತು ಕೆಡವುವುದು ನಮಗೆ ರೂಢಿಯಾಗಿವೆ. ಅವೆರಡರ ನಡುವೆ ಇರುವ ಭದ್ರಪಡಿಸುವ ಕೆಲಸವನ್ನು ಮರೆತುಬಿಟ್ಟಿದ್ದೇವೆ. ನಾನು ಕೇಳುತ್ತಿರುವುದು ಅದನ್ನೇ.

ಸಾರ್ವಜನಿಕ ಕಟ್ಟಡಗಳು ಬಿದ್ದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಅಗ್ರಹಾರಗಳ, ಹಳೆಯ ಮೊಹಲ್ಲಾಗಳ ಓಣಿಯಲ್ಲಿ ಸದ್ದಿಲ್ಲದೆ ಕುಸಿಯುವ ಮನೆಗಳಿಗೆ ಆ ಭಾಗ್ಯವೂ ಇಲ್ಲ. ಆದ್ದರಿಂದ ಈಗ ಮಾಲೀಕರಿಗೆ ಎರಡು ಮಾತು.

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಅಜ್ಜ ಕಟ್ಟಿಸಿದ ಮನೆ, ಐದಾರು ಜನ ಹಕ್ಕುದಾರರು, ಪಾಲಿನ ವ್ಯಾಜ್ಯ ಸಿವಿಲ್ ಕೋರ್ಟಿನಲ್ಲಿ. ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಅಮೆರಿಕದಲ್ಲಿ. ಒಬ್ಬರು ಹೆಂಚು ಬದಲಿಸಿದರೆ ಮತ್ತೊಬ್ಬರಿಗೆ ಅನುಮಾನ. ಆದರೆ ಪಕ್ಕದ ಮನೆಯಲ್ಲಿ ಇರುವವರು ನಿಮ್ಮ ವ್ಯಾಜ್ಯದಲ್ಲಿ ಕಕ್ಷಿದಾರರಲ್ಲ. ನಿಮ್ಮ ಹಿತ್ತಲಿಗೆ ಬೀದಿಯ ಕಸ ಬೀಳುತ್ತದೆ, ಒಡೆದ ತೊಟ್ಟಿಯಲ್ಲಿ ನೀರು ನಿಂತು ಡೆಂಗಿ ಸೊಳ್ಳೆ ಹುಟ್ಟುತ್ತದೆ, ಹಾವು ಸೇರುತ್ತದೆ, ಚೆಂಡು ಹುಡುಕಿಕೊಂಡು ಮಕ್ಕಳು ಒಳಗೆ ನುಗ್ಗುತ್ತಾರೆ. ಎರಡೂ ಮನೆಗೆ ಒಂದೇ ಗೋಡೆಯಿದ್ದರೆ ನಿಮ್ಮ ತಾರಸಿಯ ನೀರು ಅವರ ಮಲಗುವ ಕೋಣೆಗೆ ಇಳಿಯುತ್ತದೆ. ವ್ಯಾಜ್ಯದಲ್ಲಿರುವ ಆಸ್ತಿಯನ್ನು ಕಾಪಾಡಲು ರಿಸೀವರ್ ನೇಮಿಸುವ ಅವಕಾಶ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿದೆ. ಹೊದಿಕೆ ಹಾಕಲು, ಆಸರೆ ಕೊಡಲು ಅನುಮತಿ ಬೇಕೆಂದು ಕೋರ್ಟನ್ನು ಕೇಳಿಕೊಳ್ಳಬಹುದು. ನೀವು ಹೊಡೆದಾಡುತ್ತಿರುವುದು ಮನೆಗಾಗಿ. ತೀರ್ಪು ಬರುವ ದಿನ ಹಂಚಿಕೊಳ್ಳಲು ಮನೆ ಉಳಿದಿರಬೇಕು.

ಬೇರೆ ಊರುಗಳು ಮಾಲೀಕರಿಗೆ ಎಂಥ ಹೊಣೆ ಹೊರಿಸಿವೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಫಿಲಡೆಲ್ಫಿಯಾ ನಗರ 2011ರಲ್ಲಿ ಒಂದು ನಿಯಮವನ್ನು ಜಾರಿ ಮಾಡಲು ಶುರುಮಾಡಿತು: ಜನವಸತಿ ಹೆಚ್ಚಿರುವ ಬೀದಿಯಲ್ಲಿ ಮನೆ ಖಾಲಿ ಬಿಟ್ಟವರು ಹಲಗೆ ಬಡಿದು ಕೈತೊಳೆದುಕೊಳ್ಳುವಂತಿಲ್ಲ, ನಿಜವಾದ ಬಾಗಿಲು-ಕಿಟಕಿಗಳನ್ನೇ ಕೂರಿಸಬೇಕು. ಆಮೇಲೆ ಸಂಶೋಧಕರು ಅಧ್ಯಯನ ಮಾಡಿದಾಗ, ನಿಯಮ ಪಾಲಿಸಿದ ಮನೆಗಳ ಸುತ್ತಮುತ್ತ ಹಲ್ಲೆಯ ಪ್ರಕರಣಗಳು ಕಡಿಮೆಯಾದದ್ದು ಕಂಡುಬಂತು. ಅಲ್ಲಿನ ಬಂದೂಕಿನ ಸಮಸ್ಯೆ ನಮ್ಮದಲ್ಲ, ಸುಣ್ಣದ ಗೋಡೆಯ ಸಮಸ್ಯೆ ಅವರದಲ್ಲ. ಆದರೂ ಪಾಠ ಇಲ್ಲಿಗೂ ಹೊಂದುತ್ತದೆ: ಮನೆಯನ್ನು ನೋಡಿಕೊಳ್ಳುವವರು ಇದ್ದಾರೆ ಎಂಬ ಗುರುತು ಇಡೀ ಬೀದಿಯನ್ನು ಕಾಯುತ್ತದೆ.

ಮುಚ್ಚಿದ ಕಟ್ಟಡದ ಕಾಲವನ್ನು ನಾವು ಕಡತದ ಲೆಕ್ಕದಲ್ಲಿ ಅಳೆಯುತ್ತೇವೆ. ಅಲ್ಲಿ ಬದುಕಿದವರು ಅದನ್ನು ಬೇರೆ ಲೆಕ್ಕದಲ್ಲಿ ಅಳೆಯುತ್ತಾರೆ. ಲ್ಯಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕದಂಗಡಿಗಳಲ್ಲಿ ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡು ಓದಿದವರು ಮೈಸೂರಿನ ತುಂಬ ಇದ್ದಾರೆ. ಬೀದಿ ಬದಲಾದರೆ ಗಿರಾಕಿ ಬದಲಾಗುತ್ತಾನೆ, ನಾಲ್ಕು ವರ್ಷ ಕಳೆದರೆ ವ್ಯಾಪಾರಿಯ ಮಗ ಬೇರೆ ಕಸುಬು ಹಿಡಿದಿರುತ್ತಾನೆ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ, ವೀಳ್ಯದೆಲೆ, ಕುಂಕುಮ, ಬಾಳೆಹಣ್ಣು ಮಾರುವವರು ಮಳೆ ಬಂದಾಗಲೆಲ್ಲ ತಲೆಯೆತ್ತಿ ಛಾವಣಿ ನೋಡುವ ಸ್ಥಿತಿ ಯಾರಿಗೂ ಗೌರವ ತರುವುದಿಲ್ಲ. ತೀರ್ಮಾನ ತಡವಾದಷ್ಟೂ ಕಟ್ಟಡದ ಜೊತೆಗೆ ಈ ಬದುಕುಗಳೂ ಸವೆಯುತ್ತವೆ.

ಆದ್ದರಿಂದ ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಬರೆಯುತ್ತೇನೆ.

ಶಿಥಿಲವೆಂದು ಮುಚ್ಚಿದ ಪ್ರತಿ ಕಟ್ಟಡದ ಮುಂದೆ ಒಂದು ಫಲಕ ಇರಲಿ. ಮುಚ್ಚಿದ ದಿನಾಂಕ, ಕಾರಣ, ಹೊಣೆ ಹೊತ್ತ ಎಂಜಿನಿಯರರ ಹುದ್ದೆ, ಮುಂದಿನ ತಪಾಸಣೆಯ ದಿನ ಅದರಲ್ಲಿರಲಿ. ವರ್ಷಕ್ಕೆ ಎರಡು ಬಾರಿ, ಮೇ ತಿಂಗಳ ಮೊದಲು ಮತ್ತು ಸೆಪ್ಟೆಂಬರಿನ ಮೊದಲು, ತಾರಸಿ ಹತ್ತಿ ನೋಡಿ ವರದಿಯನ್ನು ಸಾರ್ವಜನಿಕರ ಮುಂದೆ ಇಡಿ. ಆಸರೆ ಮತ್ತು ಹೊದಿಕೆಗೆ ಪಾಲಿಕೆಯ ಆಯವ್ಯಯದಲ್ಲಿ ಪ್ರತ್ಯೇಕ ಶೀರ್ಷಿಕೆ ಇರಲಿ. ಪುನರ್ನಿರ್ಮಾಣದ ಕೋಟಿಗಳು ಮಂಜೂರಾಗುವ ತನಕ ಟಾರ್ಪಾಲಿನ ಖರ್ಚು ಕಾಯಬೇಕಾಗಿಲ್ಲ. ಸುಣ್ಣದ ಗಾರೆ ಬಲ್ಲ ಮೇಸ್ತ್ರಿಗಳ ಪಟ್ಟಿ ಮಾಡಿ, ಅವರಿಗೆ ಕೆಲಸ ಕೊಡಿ. ಹಳೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ಪಸೆ ಒಳಗೇ ಉಳಿದು ಕೇಡು ಹೆಚ್ಚುತ್ತದೆ. ಕೆಡವುವುದೋ ಉಳಿಸುವುದೋ ಎಂಬ ನಿರ್ಧಾರಕ್ಕೆ ದಿನ ಗೊತ್ತುಮಾಡಿ. ಆ ದಿನ ಮೀರಿದರೆ ಕಾರಣವನ್ನು ಅದೇ ಫಲಕದಲ್ಲಿ ಬರೆಯಿರಿ.

ಪರಂಪರೆಯ ಬಗ್ಗೆ ಭಾಷಣಗಳು ದಸರೆಯಲ್ಲಿ ಸಾಕಷ್ಟು ಆಗುತ್ತವೆ. ಕಟ್ಟಡ ಉಳಿಯುವುದು ಏಪ್ರಿಲ್ ತಿಂಗಳಲ್ಲಿ ಯಾರಾದರೂ ಏಣಿ ಹಾಕಿ ತಾರಸಿಗೆ ಹತ್ತಿದರೆ ಮಾತ್ರ. ಮುಂದಿನ ಮೊದಲ ಮಳೆಗೆ ಮುಂಚೆ ಆ ಏಣಿ ಹಾಕಿಸಿ, ತಗಡಿನ ಹಿಂದೆ ಏನಿದೆ ಎಂದು ಒಮ್ಮೆ ಖುದ್ದಾಗಿ ನೋಡಿ ಬನ್ನಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. 2012ರಲ್ಲಿ ಸತ್ತ ನಾಲ್ವರಿಗೆ ಈ ಊರು ಕನಿಷ್ಠ ಅಷ್ಟನ್ನಾದರೂ ಸಲ್ಲಿಸಬೇಕಾಗಿದೆ.

ಇತಿ,
ಮೈಸೂರಿನ ಒಬ್ಬ ನಾಗರಿಕ