ಓದುಗರೆಂಬ ಒಡೆಯರು

"ಕನ್ನಡದಲ್ಲಿ ಓದುಗರೆಲ್ಲಿದ್ದಾರೆ ಸ್ವಾಮಿ?" ಎಂದು ಲೇಖಕರು ಗೋಳಾಡಿದಾಗಲೆಲ್ಲ ನನಗೆ ಗಳಗನಾಥರು ನೆನಪಾಗುತ್ತಾರೆ. 1869ರಲ್ಲಿ ಹುಟ್ಟಿದ ಈ ವೆಂಕಟೇಶ ತಿರಕೋ ಕುಲಕರ್ಣಿಯವರು ಕಾದಂಬರಿ ಬರೆದು ಸುಮ್ಮನೆ ಕೂರಲಿಲ್ಲ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ನಾವೋ, ಬಿಡುಗಡೆಯ ದಿನ ಉಪ್ಪಿಟ್ಟು-ಕೇಸರಿಬಾತು ಹಾಕಿಸಿ, ಸಹಿ ಮಾಡಿದ ಪ್ರತಿಯನ್ನು ಗೆಳೆಯರ ಕೈಗೆ ತುರುಕುತ್ತೇವೆ. "ಓದಿದ್ಯಾ?" ಎಂದು ಎಲ್ಲಿ ಕೇಳಿಬಿಡುತ್ತೇವೋ ಎಂಬ ಭಯಕ್ಕೆ ಆ ಗೆಳೆಯರು ಆರು ತಿಂಗಳು ನಮ್ಮ ಬೀದಿಗೇ ಕಾಲಿಡುವುದಿಲ್ಲ.

ನಮ್ಮೂರಿನ ಪತ್ರಿಕೆಯೊಂದಕ್ಕೆ ನಾನು ಭಾನುವಾರಕ್ಕೊಂದು ಹರಟೆ ಬರೆಯುತ್ತೇನೆ. ಅದಕ್ಕೊಬ್ಬರು ಖಾಯಂ ಓದುಗರು, ನಿವೃತ್ತ ಹೆಡ್‌ಮಾಸ್ತರು. ತಿಂಡಿ ಮುಗಿಯುವ ಹೊತ್ತಿಗೆ ಮಡಿಸಿದ ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಾರೆ. ಜೇಬಿನಲ್ಲಿ ಕೆಂಪು ಪೆನ್ನು. ಅಚ್ಚಿನಲ್ಲಿ ಮಲಗಿರುವ ಅಲ್ಪಪ್ರಾಣಗಳ ಹೊಟ್ಟೆ ಸೀಳುವುದು ಮೊದಲ ಕಾರ್ಯಕ್ರಮ. ಆಮೇಲೆ ವಿಚಾರಣೆ.

"ಏನಯ್ಯಾ, ಮೂರನೇ ಪ್ಯಾರಾದಲ್ಲೂ ಎಮ್ಮೆ ಇನ್ನೂ ಈದಿಲ್ಲ. ನೀನು ಎರಡನೇ ಪ್ಯಾರಾದಲ್ಲೇ ಗಿಣ್ಣು ತಿಂದು ಕೂತಿದ್ದೀಯಲ್ಲ?"

"ಅದು ಪಕ್ಕದ ಮನೆ ಎಮ್ಮೇದು ಸಾರ್."

"ಹಾಗಂತ ಬರೀಬೇಕು. ಓದೋನಿಗೇನು ಕನಸು ಬೀಳುತ್ತಾ?"

ಕಾಫಿ ಕುಡಿದು, "ಈ ವಾರ ಏನೂ ಹುರುಳಿಲ್ಲ" ಎಂದು ಎದ್ದು ಹೋಗುತ್ತಾರೆ. ಒಮ್ಮೆ ಜ್ವರ ಬಂದು ನನಗೆ ಬರೆಯಲಾಗಲಿಲ್ಲ. ಅವತ್ತೂ ಬಂದರು. "ಹಾಳಾಗಿದ್ರೂ ಚಿಂತೆಯಿಲ್ಲ, ತಪ್ಪಿಸಬೇಡ ಮಾರಾಯ. ಭಾನುವಾರ ನನಗೂ ಒಂದು ಕೆಲಸ ಬೇಡವೇ?"

ತಪ್ಪಿಸದೆ ಬರೆಯುವುದೆಂದರೆ ಹುಡುಗಾಟವಲ್ಲ. ಹಾಸ್ಯಲೇಖಕ ರಾಶಿಯವರು 1942ರಲ್ಲಿ, ಯುದ್ಧದ ನಡುವೆ, ಬರೀ ನಗುವಿಗೆಂದೇ 'ಕೊರವಂಜಿ' ಮಾಸಪತ್ರಿಕೆ ಶುರುಮಾಡಿದರು. ಅದು 1967ರವರೆಗೆ ಬಂತು. ಅವರು ವೈದ್ಯರು, ನಗಿಸಲಾಗದ ತಿಂಗಳು ಮಾತ್ರೆಯಾದರೂ ಕೊಡಬಹುದಿತ್ತು. ನನಗೆ ಆ ಅನುಕೂಲವೂ ಇಲ್ಲ.

ಜಾಹೀರಾತು ಕಂಪನಿಯಲ್ಲಿರುವ ಅಕ್ಕನ ಮಗನಿಗೆ ಇದೆಲ್ಲ ತಮಾಷೆ. "ಮಾಮ, ಹೆಡ್ಡಿಂಗ್‌ನಲ್ಲೇ ಗಾಳ ಹಾಕಬೇಕು" ಎನ್ನುತ್ತಾನೆ. ಅವನು ಸೂಚಿಸಿದ ಹೆಡ್ಡಿಂಗು: 'ಈ ಎಮ್ಮೆ ಮಾಡಿದ್ದು ಗೊತ್ತಾದರೆ ಬೆಚ್ಚಿಬೀಳ್ತೀರಿ!' ಎಮ್ಮೆ ಏನು ತಾನೇ ಮಾಡೀತು? ಕರು ಹಾಕಿತು. ಬೆಚ್ಚಿಬೀಳಲು ಬಂದವನು ಕರು ನೋಡಿ ವಾಪಸು ಹೋಗುತ್ತಾನೆ, ಮುಂದಿನ ವಾರ ಈ ಕಡೆ ತಲೆ ಹಾಕುವುದಿಲ್ಲ. ಖಾಯಂ ಓದುಗನ ಜಾಯಮಾನವೇ ಬೇರೆ. ಚಟ್ನಿ ನೀರಾಯಿತೆಂದು ದಿನಾ ಬೈಯುತ್ತ ಅದೇ ಹೋಟೆಲಿನ ಅದೇ ಬೆಂಚಿಗೆ ಬಂದು ಕೂರುವ ಗಿರಾಕಿ ಅವನು.

ನಮ್ಮ ಚಿಕ್ಕಪ್ಪ 'ಲಂಕೇಶ್ ಪತ್ರಿಕೆ'ಯನ್ನು ಹೀಗೆಯೇ ಓದುತ್ತಿದ್ದರು. 1980ರಲ್ಲಿ ಶುರುವಾದ ಆ ವಾರಪತ್ರಿಕೆ ಜಾಹೀರಾತು ಮುಟ್ಟದೆ, ಓದುಗರ ಕಾಸಿನಲ್ಲೇ ನಡೆಯಿತು. ಚಿಕ್ಕಪ್ಪ ಮೆಚ್ಚಿದ ನಾಯಕರಿಗೆಲ್ಲ ಅದರಲ್ಲಿ ಮಂಗಳಾರತಿ. "ಇನ್ನು ಈ ಮನುಷ್ಯನಿಗೆ ನನ್ನದೊಂದು ಪೈಸೆ ಹೋಗಬಾರದು" ಎಂದು ಶಪಥ ಮಾಡಿ, ಮುಂದಿನ ವಾರ ಅಂಗಡಿಯವನು ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತಿರುತ್ತಿದ್ದರು. ಬರೆದದ್ದನ್ನೆಲ್ಲ "ಸೂಪರ್" ಎನ್ನುವವರಲ್ಲಿ ಇಷ್ಟು ಹಠ ನಾನು ಕಂಡಿಲ್ಲ.

ಇವರನ್ನೆಲ್ಲ ಮೀರಿಸಿದವಳು ಅಮ್ಮ. 'ಸುಧಾ'ದ ಧಾರಾವಾಹಿ ಪುಟಗಳನ್ನು ವಾರವಾರವೂ ಬಿಡಿಸಿ ಹಾಸಿಗೆಯಡಿ ಪೇರಿಸಿಟ್ಟು, ಕಾದಂಬರಿ ಮುಗಿದ ಮೇಲೆ ದಬ್ಬಳದಿಂದ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕುತ್ತಿದ್ದಳು. ನಾಯಕಿ ಬಾವಿ ಕಡೆ ಓಡುವ ಪುಟದ ಬೆನ್ನಿಗೇ ಮೈಸೂರುಪಾಕ್ ಮಾಡುವ ವಿಧಾನ. ಆ ಪುಸ್ತಕ ಬೀದಿಯ ಮನೆಮನೆ ಸುತ್ತಿ, ಅರಿಶಿನದ ಬೆರಳಚ್ಚು, ಒಗ್ಗರಣೆ ಎಣ್ಣೆಯ ಸಮೇತ ವಾಪಸು ಬರುತ್ತಿತ್ತು. ಒಂದು ಸಲ ನನ್ನ ತಮ್ಮ ನಡುವಿನ ಕಂತೊಂದನ್ನು ದೋಣಿ ಮಾಡಿ ಮಳೆನೀರಿಗೆ ಬಿಟ್ಟುಬಿಟ್ಟ. ಅಮ್ಮ ಧೃತಿಗೆಡಲಿಲ್ಲ. ಪುಸ್ತಕ ಕೇಳಿ ಬಂದವರಿಗೆಲ್ಲ ಆ ಕಂತನ್ನು ಬಾಯಲ್ಲೇ ಹೇಳಿದಳು. ಲೇಖಕರು ಸುಖವಾಗಿಟ್ಟಿದ್ದ ಸೋದರಮಾವನ ಕಾಲು ಅಮ್ಮನ ಕಂತಿನಲ್ಲಿ ಮುರಿಯಿತು, ಆಸ್ತಿಯೂ ಹೋಯಿತು.

ಎದುರುಮನೆಯ ಅತ್ತೆ ಇಡೀ ಕಾದಂಬರಿ ಓದಿ ಮುಗಿಸಿ, ಪುಸ್ತಕ ಹಿಂದಿರುಗಿಸುವಾಗ ಹೇಳಿದರು: "ನೀವು ಹೇಳಿದ ಕಂತೊಂದೇ ಚೆನ್ನಾಗಿತ್ತು ನೋಡಿ. ಮಿಕ್ಕಿದ್ದು ಯಾರು ಬರೆದರೋ ಏನೋ."